ಹೊಟ್ಟೆಯ ಬೆಂಕಿಗೆ ಯಾವ ಕಲಮು?
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಊರಿಗೆ ಬೆಂಕಿ ಬಿದ್ದಿದೆ. ಅದು ಹರಡದಿರಲೆಂದು ಒಬ್ಬನು ನಡುವಿನ ಮನೆಗಳನ್ನು ಕೆಡವುತ್ತಾನೆ. ಅವನು ಅಪರಾಧಿಯೇ? ಅಲ್ಲವೆನ್ನುತ್ತದೆ ಕಾನೂನು. 1860ರ ದಂಡ ಸಂಹಿತೆಯ 81ನೆಯ ಕಲಮು ಈ ಉದಾಹರಣೆಯನ್ನೇ ಕೊಟ್ಟಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 19ನೆಯ ಕಲಮೂ ಅದನ್ನೇ ಹೇಳುತ್ತದೆ. ಮನಸ್ಸಿನಲ್ಲಿ ಕೇಡು ಇರಬಾರದು. ಬೇರೊಂದು ಕೇಡನ್ನು ತಪ್ಪಿಸಲು ಪ್ರಾಮಾಣಿಕವಾಗಿ ಮಾಡಿರಬೇಕು. ಆ ಕೇಡು ಅಷ್ಟು ದೊಡ್ಡದೂ ಅಷ್ಟು ಸಮೀಪದ್ದೂ ಆಗಿತ್ತೇ ಎಂಬುದನ್ನು ನ್ಯಾಯಾಲಯ ತೂಗಿ ನೋಡುತ್ತದೆ.

ಮನೆ ಸುಡುವ ಬೆಂಕಿಗೆ ಇದಾಯಿತು. ಹೊಟ್ಟೆ ಸುಡುವ ಬೆಂಕಿಗೆ?

1884ರಲ್ಲಿ ‘ಮಿನ್ಯೊನೆಟ್’ ಎಂಬ ಇಂಗ್ಲಿಷ್ ನೌಕೆ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ನಾಲ್ವರು ಪುಟ್ಟ ದೋಣಿಯಲ್ಲಿ ಉಳಿದರು. ಸುಮಾರು ಇಪ್ಪತ್ತು ದಿನಗಳ ಮೇಲೆ ಕಪ್ತಾನ ಡಡ್ಲಿ ಮತ್ತು ಅವನ ಸಹಾಯಕ ಸ್ಟೀಫನ್ಸ್, ಕಾಯಿಲೆ ಬಿದ್ದಿದ್ದ ಹದಿನೇಳರ ಕೆಲಸದ ಹುಡುಗ ಪಾರ್ಕರನನ್ನು ಕೊಂದರು. ಅವನ ಮಾಂಸದಿಂದ ಉಳಿದ ಮೂವರೂ ಜೀವ ಹಿಡಿದರು. ಹಸಿವು ಸುಳ್ಳಲ್ಲ. ಆದರೂ ಲಾರ್ಡ್ ಕೋಲರಿಜ್ ಅವರ ನ್ಯಾಯಪೀಠ ಅದನ್ನು ಕೊಲೆಯೆಂದೇ ತೀರ್ಮಾನಿಸಿತು. ಯಾರ ಜೀವ ಹೆಚ್ಚು, ಯಾರದು ಕಡಿಮೆ ಎಂದು ಅಳೆಯುವವರು ಯಾರು ಎಂಬುದು ಅವರ ಪ್ರಶ್ನೆ. ಮರಣದಂಡನೆ ವಿಧಿಸಲಾಯಿತು, ಆಮೇಲೆ ಅದನ್ನು ಆರು ತಿಂಗಳ ಸೆರೆವಾಸಕ್ಕೆ ಇಳಿಸಲಾಯಿತು.

ಈಗ ಫ್ರಾನ್ಸ್ ದೇಶಕ್ಕೆ ಬನ್ನಿ. 1898ರಲ್ಲಿ ಶಾತೋ-ತಿಯೆರಿ ಎಂಬ ಸಣ್ಣ ಊರಿನಲ್ಲಿ ಒಬ್ಬ ಬಡ ತಾಯಿ ರೊಟ್ಟಿಯಂಗಡಿಯಿಂದ ಒಂದು ರೊಟ್ಟಿ ಕದ್ದಳು. ಒಂದೂವರೆ ದಿನದಿಂದ ಮನೆಯಲ್ಲಿ ಅನ್ನವಿರಲಿಲ್ಲ. ಪೋಲ್ ಮಾನ್ಯೊ ಎಂಬ ನ್ಯಾಯಾಧೀಶರು ಅವಳನ್ನು ಖುಲಾಸೆ ಮಾಡಿದರು. ಜನ ಅವರನ್ನು ‘ಒಳ್ಳೆಯ ನ್ಯಾಯಾಧೀಶ’ ಎಂದೇ ಕರೆದರು. ಇಟಲಿಯಲ್ಲಿ 2011ರಲ್ಲಿ ಮನೆಮಠವಿಲ್ಲದ ಒಬ್ಬನು ಸುಮಾರು ನಾಲ್ಕು ಯೂರೋ ಬೆಲೆಯ ಚೀಸು, ಸಾಸೇಜು ಕದ್ದು ಸಿಕ್ಕಿಬಿದ್ದ. 2016ರಲ್ಲಿ ಅಲ್ಲಿಯ ಅತ್ಯುನ್ನತ ನ್ಯಾಯಾಲಯ ಅವನಿಗಾಗಿದ್ದ ಶಿಕ್ಷೆಯನ್ನು ರದ್ದುಮಾಡಿತು.

ಅಂಗಡಿಯ ಬಂಧುಗಳು ಕೇಳಬಹುದು: ನಾಳೆ ಗಲ್ಲಾಪೆಟ್ಟಿಗೆಗೆ ಕೈಹಾಕಿದವನೂ ಹಸಿವಿನ ಹೆಸರು ಹೇಳಿದರೆ? ನ್ಯಾಯವಾದ ಪ್ರಶ್ನೆ. ಗಲ್ಲದ ಹಣ ಬೇರೆ, ಹಸಿದ ಮಗುವಿನ ಕೈಯ ತುತ್ತು ಬೇರೆ. ಅಪಾಯ ಎದುರಿಗೇ ಇರಬೇಕು, ಬೇರೆ ದಾರಿ ಇರಬಾರದು, ತೆಗೆದುಕೊಂಡದ್ದು ಆ ಹೊತ್ತಿಗೆ ಬೇಕಾದಷ್ಟೇ ಆಗಿರಬೇಕು. ಸಾಗರದ ದೋಣಿಯಲ್ಲಿ ಬಲಿಷ್ಠರು ತಮ್ಮ ಹಸಿವಿಗೆ ದುರ್ಬಲನ ಪ್ರಾಣ ತೆತ್ತರು. ರೊಟ್ಟಿಯಂಗಡಿಯಲ್ಲಿ ಹೋದದ್ದು ಒಂದು ರೊಟ್ಟಿ. ‘ಅನಿವಾರ್ಯ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನಾವು ಕೇಳಬೇಕಾದ್ದು ಒಂದೇ: ಅದರ ಬೆಲೆ ಯಾರು ತೆರುತ್ತಾರೆ?

ನಮ್ಮ ಕಲಮಿನಲ್ಲಿ ಬೆಂಕಿಯ ಮಾತಿದೆ, ಹಡಗಿನ ಮಾತಿದೆ, ಹಸಿವಿನ ಮಾತಿಲ್ಲ. ಆದ್ದರಿಂದ ಇಂಥ ವಾದ ಗೆದ್ದೇ ಗೆಲ್ಲುತ್ತದೆಂದು ನಾವು ಭರವಸೆ ಕೊಡಲಾರೆವು. ಆದರೆ ನಮ್ಮ ಕೇರಿಯ ಹಸಿದವನೊಬ್ಬ ಸಿಕ್ಕಿಬಿದ್ದರೆ ಮೊದಲು ವಕೀಲರ ಬಳಿ ಹೋಗೋಣ. ಎಷ್ಟು ಹೊತ್ತಿನಿಂದ ಉಪವಾಸ, ಯಾರ ಬಾಗಿಲು ತಟ್ಟಿದ್ದ, ಏನು ತೆಗೆದ ಎಂಬುದನ್ನೆಲ್ಲ ಬರೆಸೋಣ. ಮನೆ ಕೆಡವಿದವನ ಮಾತನ್ನು ಕೇಳುವ ನ್ಯಾಯಾಲಯ ಹಸಿದವನ ಮಾತನ್ನೂ ಕೇಳಲಿ. ಇನ್ನು ಅಂಗಡಿಯವನ ನಷ್ಟ: ಅದನ್ನು ಅವನೊಬ್ಬನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಹಸಿವನ್ನು ಹುಟ್ಟಿಸಿದ ಸಮಾಜವೇ ಆ ರೊಟ್ಟಿಯ ಬೆಲೆ ಕೊಡಬೇಕು.