ಮೈಮೇಲಿನ ಚುಕ್ಕೆ, ಒಳಗಿನ ಜ್ವರ

ಮೈಮೇಲೆ ಏಳುವ ಗುರುತುಗಳಿಗೆ ಕನ್ನಡದಲ್ಲಿ ಹೆಸರುಗಳ ಬಡತನವಿಲ್ಲ. ದದ್ದು, ಗಂಧೆ, ಬೊಕ್ಕೆ, ಗುಳ್ಳೆ, ಬೆವರುಸಾಲೆ: ಒಂದೊಂದು ಮಾತಿಗೂ ಒಂದೊಂದು ರೂಪ. ಆದರೆ ಗುರುತಿನ ಜೊತೆಗೆ ಜ್ವರವೂ ಸೇರಿತೆಂದರೆ, ನಿಡುಗಲ್ಲಿನ ಸುತ್ತಿನ ನಮ್ಮ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಸೀಮೆಯಲ್ಲಿ ಇಷ್ಟೆಲ್ಲ ಮಾತುಗಳೂ ಒಂದರಲ್ಲೇ ಅಡಗಿಬಿಡುತ್ತವೆ: “ಅಮ್ಮ ಬಂದಿದ್ದಾಳೆ.” ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಔಷಧವನ್ನು ದೂರವಿಟ್ಟು ಕಾಯುವುದು ಹಿಂದಿನಿಂದ ಬಂದ ರೂಢಿ.

ಮಧುಗಿರಿಯ ದಂಡಿನ ಮಾರಮ್ಮನಿಗೆ ನಡೆದುಕೊಳ್ಳುವವರ ಭಕ್ತಿಯನ್ನು ನಾನು ಆಕ್ಷೇಪಿಸುವವನಲ್ಲ. ಸಿಡುಬಿಗೆ ಮದ್ದೇ ಇಲ್ಲದಿದ್ದ ಕಾಲದಲ್ಲಿ ಕಾಯುವುದಲ್ಲದೆ ಬೇರೆ ದಾರಿ ಇರಲಿಲ್ಲ. ಆ ಸಿಡುಬು ಲೋಕದಿಂದಲೇ ತೊಲಗಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಇಂದು ಜ್ವರದೊಡನೆ ಚುಕ್ಕೆ ಕಂಡರೆ ಅದು ದಡಾರವಿರಬಹುದು, ಸೀತಾಳ ಸಿಡುಬಿರಬಹುದು. ರಕ್ತಕ್ಕೆ ಹೊಕ್ಕ ರೋಗಾಣುವಿನ ಸುಳಿವೂ ಆಗಿರಬಹುದು. ಈ ಕೊನೆಯದಕ್ಕೆ ಮದ್ದುಂಟು. ಆದರೆ ಕಾಯುತ್ತ ಕೂಡುವಷ್ಟು ವ್ಯವಧಾನವಿಲ್ಲ.

ವಿಷಮಶೀತ ಜ್ವರವನ್ನೇ ತೆಗೆದುಕೊಳ್ಳಿ. ಟೈಫಾಯಿಡ್ ಎಂಬ ಅದರ ಹೆಸರಿನ ಮೂಲದಲ್ಲಿ ಹೊಗೆ, ಮಬ್ಬು ಎಂಬರ್ಥದ ಗ್ರೀಕ್ ಶಬ್ದವಿದೆ. ರೋಗಿಯ ಬುದ್ಧಿಗೆ ಕವಿಯುವ ಮಂಕೇ ಅದು. ಇದರ ರೋಗಾಣುವನ್ನು 1880ರಲ್ಲಿ ಜರ್ಮನಿಯ ಎಬರ್ತ್ ಗುರುತಿಸಿದ. ಮಲಿನವಾದ ನೀರು, ಆಹಾರಗಳ ಮೂಲಕ ಅದು ಕರುಳಿಗಿಳಿಯುತ್ತದೆ. ಅಲ್ಲಿಂದ ರಕ್ತದ ಮೂಲಕ ಯಕೃತ್ತು, ಗುಲ್ಮ, ಮೂಳೆಯ ಮಜ್ಜೆಗಳನ್ನು ಸೇರುತ್ತದೆ. ಕೆಲವರಲ್ಲಿ ಚರ್ಮದ ಕಿರುನಾಳಗಳನ್ನೂ ಮುಟ್ಟುತ್ತದೆ. ಆಗ, ಜ್ವರದ ಮೊದಲ ವಾರ ಕಳೆಯುವ ಹೊತ್ತಿಗೆ, ಹೊಟ್ಟೆ ಎದೆಗಳ ಮೇಲೆ ಗುಲಾಬಿ ಬಣ್ಣದ ಕೆಲವು ಸಣ್ಣ ಚುಕ್ಕೆಗಳು ಮೂಡುತ್ತವೆ. ಬೆರಳಿನಿಂದ ಒತ್ತಿದರೆ ಬಣ್ಣ ಮಾಯ. ಬಿಟ್ಟರೆ ಮತ್ತೆ ಕೆಂಪು. ಕೆಲವೇ ದಿನಗಳಲ್ಲಿ ತಾವಾಗಿಯೇ ಅಳಿಸಿಹೋಗುತ್ತವೆ.

ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ನಮ್ಮ ಕಪ್ಪು, ಎಣ್ಣೆಗಪ್ಪು ಮೈಬಣ್ಣದಲ್ಲಿ ಈ ಚುಕ್ಕೆ ಕಣ್ಣಿಗೆ ಬೀಳುವುದೇ ಕಷ್ಟ. ಆದ್ದರಿಂದ ಚುಕ್ಕೆಯಿಲ್ಲವೆಂದ ಮಾತ್ರಕ್ಕೆ ವಿಷಮಶೀತವಲ್ಲವೆಂದು ತಿಳಿಯಬಾರದು. ಚುಕ್ಕೆ ಅಳಿಸಿತೆಂದು ರೋಗ ಇಳಿಯಿತೆನ್ನುವುದೂ ಸಲ್ಲ. ಔಷಧವಿಲ್ಲದೆ ಬಿಟ್ಟರೆ ಮೂರನೆಯ ವಾರದ ಹೊತ್ತಿಗೆ ಕರುಳಿನಲ್ಲಿ ರಕ್ತಸ್ರಾವವಾಗಬಹುದು, ಕರುಳೇ ತೂತಾಗಬಹುದು.

ಒತ್ತಿದರೂ ಮಾಸದ ಕಡುಗೆಂಪು ಅಥವಾ ನೇರಳೆ ಚುಕ್ಕೆಗಳ ಕಥೆಯೇ ಬೇರೆ. ಮಿದುಳಿನ ಪೊರೆಗೆ ತಗಲುವ ಮೆನಿಂಜೊಕಾಕಸ್ ರೋಗಾಣು ರಕ್ತದಲ್ಲಿ ಹಬ್ಬಿದಾಗ ಹೀಗಾಗುವುದುಂಟು. ಗಾಜಿನ ಲೋಟವನ್ನು ಚರ್ಮಕ್ಕೆ ಒತ್ತಿ ನೋಡಿ. ಗಾಜಿನೊಳಗಿಂದಲೂ ಚುಕ್ಕೆ ಕಾಣುತ್ತಲೇ ಇದ್ದರೆ ಹಗಲೋ ಇರುಳೋ ಎನ್ನದೆ ಆಸ್ಪತ್ರೆಗೆ ಹೊರಡಬೇಕು. ಇಲ್ಲಿ ಲೆಕ್ಕ ದಿನಗಳದಲ್ಲ, ಗಂಟೆಗಳದು. ಮೈ ಕಪ್ಪಾಗಿದ್ದರೆ ಅಂಗೈ, ಅಂಗಾಲು, ಕಣ್ಣುರೆಪ್ಪೆಯ ಒಳಭಾಗಗಳನ್ನು ನೋಡುವುದು ಮೇಲು. ಜ್ವರದವನು ಮಂಕಾಗಿದ್ದರೆ, ಕತ್ತು ಬಿಗಿದಿದ್ದರೆ, ಲೋಟದ ಪರೀಕ್ಷೆಗೂ ನಿಲ್ಲಬೇಡಿ.

ಮೂರು ನಾಲ್ಕು ದಿನಕ್ಕೂ ಇಳಿಯದ ಜ್ವರಕ್ಕೆ ವೈದ್ಯರ ಸಲಹೆ ಅಗತ್ಯ. ರಕ್ತವನ್ನು ತೆಗೆದು ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಮದ್ದು ಆರಂಭಿಸುವ ಮೊದಲೇ ಆದರೆ ಉತ್ತಮ. 1948ರಲ್ಲಿ ಈ ಜ್ವರಕ್ಕೆ ಸಂಜೀವಿನಿಯಂತೆ ಒದಗಿದ ಕ್ಲೋರಾಂಫೆನಿಕಾಲ್ ಔಷಧಕ್ಕೂ ಬಗ್ಗದ ರೋಗಾಣುಗಳು ಮುಂದೆ ಹುಟ್ಟಿಕೊಂಡವು. ಆದ್ದರಿಂದ ಅಂಗಡಿಯಲ್ಲಿ ಕೇಳಿ ನಾಲ್ಕು ಗುಳಿಗೆ ನುಂಗುವುದು, ಜ್ವರ ಬಿಟ್ಟೊಡನೆ ಮದ್ದನ್ನೂ ಬಿಡುವುದು ಎರಡೂ ತಪ್ಪು. ಲಂಘನದ ಹೆಸರಿನಲ್ಲಿ ರೋಗಿಯನ್ನು ಉಪವಾಸ ಕೆಡವಬಾರದು. ಗಂಜಿ, ಮೆತ್ತನೆಯ ಅನ್ನ ಕೊಡಬೇಕು. ಮಳೆ ಕಡಮೆಯಾದ ನಮ್ಮ ಸೀಮೆಯಲ್ಲಿ ನೀರನ್ನು ತುಂಬಿಟ್ಟುಕೊಳ್ಳದೆ ವಿಧಿಯಿಲ್ಲ. ಕಾಯಿಸಿ ಆರಿಸಿದ ನೀರನ್ನು ಮುಚ್ಚಿಡಿ, ಕೈ ಅದ್ದದೆ ಹಿಡಿಯುಳ್ಳ ಸೌಟಿನಿಂದ ತೆಗೆಯಿರಿ. ಈ ಜ್ವರಕ್ಕೆ ಲಸಿಕೆಯೂ ಉಂಟು, ವೈದ್ಯರನ್ನು ವಿಚಾರಿಸಬಹುದು.

ಬೇವಿನ ಸೊಪ್ಪು ಬಾಗಿಲಲ್ಲಿರಲಿ, ಹರಕೆಯೂ ಸಲ್ಲಲಿ. ಆದರೆ ವೈದ್ಯರು ಒಳಗೆ ಬರಲು ಅದೇ ಬಾಗಿಲು ತೆರೆದಿರಲಿ.