ಗಣಿ ಕಾರ್ಮಿಕನ ಬುತ್ತಿ



ಅಮೆರಿಕದ ಪೂರ್ವಭಾಗದ ಅಪಲೇಚಿಯನ್ ಪರ್ವತಶ್ರೇಣಿ ಕಲ್ಲಿದ್ದಲಿಗೆ ಹೆಸರಾದದ್ದು. ಆ ಶ್ರೇಣಿಯ ಮಡಿಲಲ್ಲಿ ವೆಸ್ಟ್ ವರ್ಜೀನಿಯಾ ರಾಜ್ಯವಿದೆ. 19ನೇ ಶತಮಾನದ ಕೊನೆಯಿಂದ ದಕ್ಷಿಣ ಇಟಲಿಯ ಬಡ ರೈತರು ಸಾವಿರಾರು ಸಂಖ್ಯೆಯಲ್ಲಿ ಇಲ್ಲಿಗೆ ಬಂದರು. ಹೊಲದಲ್ಲಿ ದುಡಿಯುತ್ತಿದ್ದವರು ಭೂಗರ್ಭಕ್ಕೆ ಇಳಿದರು.

ಆ ದುಡಿಮೆ ಎಂಥ ಅಪಾಯದ್ದು ಎಂಬುದಕ್ಕೆ 1907ರ ಡಿಸೆಂಬರ್ 6 ಸಾಕ್ಷಿ. ಅಂದು ಮೊನೊಂಗಾ ಎಂಬ ಊರಿನ ಗಣಿಗಳಲ್ಲಿ ಸ್ಫೋಟವಾಗಿ, ಅಧಿಕೃತ ಲೆಕ್ಕದಂತೆ 362 ಮಂದಿ ಸತ್ತರು. ಅವರಲ್ಲಿ ಬಹಳ ಮಂದಿ ಇಟಲಿಯವರು. ಅಮೆರಿಕದ ಗಣಿ ದುರಂತಗಳಲ್ಲಿ ಇಂದಿಗೂ ಇದೇ ಅತಿ ದೊಡ್ಡದು.

ಗಣಿಗೆ ಇಳಿದವನು ಪಾಳಿ ಮುಗಿಯುವವರೆಗೆ ಮೇಲೆ ಬರುವಂತಿಲ್ಲ. ಊಟವೂ ಅಲ್ಲಿಯೇ, ಕತ್ತಲಲ್ಲಿ, ಮಸಿ ಮೆತ್ತಿದ ಕೈಯಲ್ಲಿ. ಒಲೆಯಿಲ್ಲ, ತಟ್ಟೆಯಿಲ್ಲ. ಇಟಲಿಯ ಕಾರ್ಮಿಕರು ಒಂದು ಕೈಯಲ್ಲಿ ಬ್ರೆಡ್ಡು, ಮತ್ತೊಂದರಲ್ಲಿ ಪೆಪರೋನಿ ಎಂಬ ಒಣಮಾಂಸದ ತುಂಡು ಹಿಡಿದು ತಿನ್ನುತ್ತಿದ್ದರು. ಇದನ್ನು ಕಂಡಿದ್ದವರು ಜುಸೆಪ್ಪೆ ಆರ್ಜಿರೋ. ಇಟಲಿಯ ಕಲಬ್ರಿಯಾದಿಂದ ಬಂದ ಅವರು ತಾವೂ ಗಣಿಯಲ್ಲಿ ದುಡಿದವರು. ಮುಂದೆ ಮೊನೊಂಗಾಕ್ಕೆ ಸಮೀಪದ ಫೇರ್‌ಮಾಂಟ್ ಪಟ್ಟಣದಲ್ಲಿ ಬೇಕರಿ ತೆರೆದು, 1927ರ ಸುಮಾರಿಗೆ ಪೆಪರೋನಿಯನ್ನು ಬ್ರೆಡ್ಡಿನ ಹಿಟ್ಟಿನೊಳಗೇ ಇಟ್ಟು ಬೇಯಿಸಿದರು. ಪೆಪರೋನಿ ರೋಲ್ ಹುಟ್ಟಿದ್ದು ಹೀಗೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು.

ಈ ಬುತ್ತಿ ಏಕೆ ಬೇಗ ಕೆಡುವುದಿಲ್ಲ? ಪೆಪರೋನಿ ಎಂದರೆ ಉಪ್ಪು, ಮೆಣಸಿನಪುಡಿ ಬೆರೆಸಿ ಹುದುಗಿಸಿ ಒಣಗಿಸಿದ ಹಂದಿ ಮತ್ತು ದನದ ಮಾಂಸ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಗಳ ಬಂಧುಗಳೇ ಇಲ್ಲಿಯೂ ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸುತ್ತವೆ. ಹುಳಿ, ಉಪ್ಪು ಮತ್ತು ನೀರಿನ ಕೊರತೆ, ಈ ಮೂರೂ ಸೇರಿದ ಕಡೆ ಕೊಳೆಸುವ ಜೀವಾಣುಗಳು ಬೆಳೆಯಲಾರವು. ಮಾಂಸದ ಮಿಶ್ರಣಕ್ಕೆ ಸೇರಿಸುವ ನೈಟ್ರೈಟ್ ಲವಣವೂ ಅವುಗಳನ್ನು ತಡೆಯುತ್ತದೆ. ಬೇಯುವಾಗ ಕರಗಿದ ಕೊಬ್ಬು ಬ್ರೆಡ್ಡಿಗೆ ಇಳಿದು ಕೆಂಪು ಬಣ್ಣವನ್ನೂ ರುಚಿಯನ್ನೂ ಕೊಡುತ್ತದೆ.

ಒಂದು ವಿಶೇಷವನ್ನು ಗಮನಿಸಿ. ಇಟಲಿಯಲ್ಲಿ ‘ಪೆಪರೋನಿ’ ಎಂದು ಕೇಳಿದರೆ ದೊಣ್ಣೆಮೆಣಸಿನಕಾಯಿ ಕೊಡುತ್ತಾರೆ! ಈ ಹೆಸರಿನ ಮಾಂಸ ರೂಪುಗೊಂಡದ್ದು ಅಮೆರಿಕದಲ್ಲಿ ನೆಲೆಸಿದ ಇಟಲಿಯವರ ಕೈಯಲ್ಲಿ. ವಲಸೆ ಬಂದವರು ತಾಯ್ನಾಡಿನ ಅಡುಗೆಯನ್ನು ಹೊತ್ತು ತಂದರು, ಹೊಸ ನೆಲದ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿಕೊಂಡರು.

2021ರಲ್ಲಿ ವೆಸ್ಟ್ ವರ್ಜೀನಿಯಾದ ಶಾಸನಸಭೆ ಈ ರೋಲನ್ನು ರಾಜ್ಯದ ಅಧಿಕೃತ ಆಹಾರವೆಂದು ಘೋಷಿಸಿತು. ಇಂದು ಅದನ್ನು ತಿನ್ನುವವರಲ್ಲಿ ಹೆಚ್ಚಿನವರು ಗಣಿಯ ಒಳಗನ್ನೇ ಕಂಡಿರಲಾರರು. ಆದರೂ ಕೆಡದ ಗುಣ, ಒಂದೇ ಕೈಯಲ್ಲಿ ತಿನ್ನಬಹುದಾದ ಅನುಕೂಲ, ಇವೆರಡೂ ಬಿಸಿಲು ಕಾಣದ ಕಡೆ ದುಡಿದವರಿಂದ ಬಂದ ಬಳುವಳಿ.