ಒಂದು ಗಂಟೆ ಹತ್ತು ನಿಮಿಷದ ಲೆಕ್ಕ



ಮಲೆನಾಡಿನ ಅಡಿಕೆ ತೋಟಿಗರಿಗೆ ಬೋರ್ಡೋ ಎಂಬ ಹೆಸರು ಹೊಸದಲ್ಲ. ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ದ್ರಾವಣ 1880ರ ದಶಕದಲ್ಲಿ ರೂಪುಗೊಂಡದ್ದು ಫ್ರಾನ್ಸಿನ ಆ ನಗರದ ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ. ಇಂದಿನ ವಿಷಯ ಆ ದ್ರಾವಣವಲ್ಲ, ಆ ಊರಿಗೆ ಹೋಗುವ ದಾರಿ.

ಪ್ಯಾರಿಸ್ಸಿನ ದಕ್ಷಿಣಕ್ಕಿರುವ ಓರ್ಲಿ ವಿಮಾನ ನಿಲ್ದಾಣದಿಂದ ಬೋರ್ಡೋದ ಮೆರಿನ್ಯಾಕ್ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ ಸುಮಾರು 500 ಕಿ.ಮೀ. ವೇಳಾಪಟ್ಟಿಯಲ್ಲಿ ಈ ಹಾರಾಟಕ್ಕೆ ಇದ್ದ ಅವಧಿ ಒಂದು ಗಂಟೆ ಹತ್ತು ನಿಮಿಷದ ಆಸುಪಾಸು. ಗಂಟೆಗೆ 800 ಕಿ.ಮೀ. ಹಾರಬಲ್ಲ ಯಂತ್ರಕ್ಕೆ ಇದು ನಲವತ್ತು ನಿಮಿಷದ ದಾರಿಯೂ ಅಲ್ಲ. ಉಳಿದ ಅರ್ಧ ಗಂಟೆ ನೆಲದ ಮೇಲೆ ಉರುಳುವುದರಲ್ಲಿ, ಸರದಿ ಕಾಯುವುದರಲ್ಲಿ, ಏರುವುದರಲ್ಲಿ, ಇಳಿಯಲು ಅಣಿಯಾಗುವುದರಲ್ಲಿ ಕಳೆಯುತ್ತದೆ. ಇಂಧನ ಅತ್ಯಂತ ವೇಗವಾಗಿ ಉರಿಯುವುದು ಏರುವ ಹಂತದಲ್ಲಿಯೇ. ದೂರದ ಹಾರಾಟದಲ್ಲಿ ಆ ವೆಚ್ಚ ಸಾವಿರಾರು ಕಿಲೋಮೀಟರುಗಳಿಗೆ ಹಂಚಿಹೋಗುತ್ತದೆ. ಇಲ್ಲಿ ಹಂಚಲು ಇರುವುದು ಐನೂರೇ.

ಸಾಗರದ ಮಂಡಿಗೆ ಅಡಿಕೆ ಒಯ್ಯುವವನು ದಾರಿಯ ಹೊತ್ತನ್ನು ಮನೆಯ ಅಂಗಳದಿಂದ ಎಣಿಸುತ್ತಾನೆಯೇ ಹೊರತು ಬಸ್ಸು ಹೊರಟ ಕ್ಷಣದಿಂದಲ್ಲ. ವಿಮಾನದ ವೇಳಾಪಟ್ಟಿಗೆ ಈ ವಿವೇಕವಿಲ್ಲ. ಓರ್ಲಿ ತಲುಪುವ ಹೊತ್ತು, ತಪಾಸಣೆ, ಕಾಯುವಿಕೆ, ಮೆರಿನ್ಯಾಕಿನಿಂದ ಪಟ್ಟಣದೊಳಕ್ಕೆ ಬರುವುದು, ಇವೆಲ್ಲ ಸೇರಿದರೆ ಲೆಕ್ಕ ಮೂರು ಗಂಟೆಯ ಬಳಿಗೆ ಬರುತ್ತದೆ. 2017ರ ಜುಲೈಯಲ್ಲಿ ಟೂರ್-ಬೋರ್ಡೋ ನಡುವಣ 302 ಕಿ.ಮೀ. ಹೊಸ ಹಳಿ ತೆರೆದ ಮೇಲೆ ರೈಲು ಪ್ಯಾರಿಸ್ ಪಟ್ಟಣದೊಳಗಿಂದ ಬೋರ್ಡೋ ಪಟ್ಟಣದೊಳಕ್ಕೆ ಎರಡು ಗಂಟೆ ಚಿಲ್ಲರೆಯಲ್ಲಿ ತಲುಪುತ್ತದೆ.

ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದಾದ ಊರಿಗೆ ವಿಮಾನ ಬೇಡವೆಂದು ಫ್ರಾನ್ಸಿನ 2021ರ ಹವಾಮಾನ ಕಾಯಿದೆ ವಿಧಿಸಿತು. ಚೀಟಿ ಎತ್ತಿ ಆರಿಸಿದ 150 ನಾಗರಿಕರ ಸಭೆ ಕೇಳಿದ್ದು ನಾಲ್ಕು ಗಂಟೆಯ ಮಿತಿಯನ್ನು, ಅದನ್ನು ಮೊಟಕುಗೊಳಿಸಲಾಯಿತು. 2023ರ ಮೇ ತಿಂಗಳಲ್ಲಿ ಮೂರು ವರ್ಷಗಳ ಅವಧಿಗೆ ಆದೇಶ ಹೊರಟಾಗ ಅದರ ವ್ಯಾಪ್ತಿಗೆ ಬಂದದ್ದು ಓರ್ಲಿಯಿಂದ ಬೋರ್ಡೋ, ನಾಂತ್, ಲಿಯೋನ್‌ಗಳಿಗಿದ್ದ ಮೂರೇ ಮಾರ್ಗಗಳು. ಅವನ್ನು ಏರ್ ಫ್ರಾನ್ಸ್ ಸರಕಾರಿ ನೆರವಿನ ಷರತ್ತಿನಂತೆ 2020ರಲ್ಲಿಯೇ ಕೈಬಿಟ್ಟಿತ್ತು! ಪ್ಯಾರಿಸ್ಸಿನ ಇನ್ನೊಂದು ನಿಲ್ದಾಣವಾದ ಷಾರ್ಲ್ ದ ಗಾಲ್‌ನಿಂದ ಬೋರ್ಡೋಗೆ ಹಾರಲು ಅಡ್ಡಿಯಾಗಲಿಲ್ಲ. ಅಲ್ಲಿಗೆ ರೈಲಿನ ಹೊತ್ತನ್ನು ಆ ವಿಮಾನ ನಿಲ್ದಾಣದೊಳಗಿನ ರೈಲು ನಿಲ್ದಾಣದಿಂದಲೇ ಎಣಿಸಬೇಕೆಂಬ ನಿಯಮದಿಂದಾಗಿ ಅದು ಮಿತಿಯನ್ನು ಮೀರಿತು. ಅಳತೆಗೋಲನ್ನು ಎಲ್ಲಿ ಊರುತ್ತಾರೆಂಬುದನ್ನು ಗಮನಿಸದೆ ಇಂಥ ಕಾಯಿದೆಗಳನ್ನು ಮೆಚ್ಚುವುದು ಆತುರವಾದೀತು.

ಹಾಗೆಂದು ರೈಲೂ ನಿರಪರಾಧಿಯಲ್ಲ. ಹುಬ್ಬಳ್ಳಿ-ಅಂಕೋಲಾ ಮಾರ್ಗದ ವಾದವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಬೋರ್ಡೋದಿಂದ ಟುಲೂಸಿಗೆ ಯೋಜಿಸಿರುವ ಹೊಸ ಹಳಿ ಸಿರೋನ್ ಎಂಬ ಪುಟ್ಟ ಹೊಳೆಯ ಕಣಿವೆಯನ್ನು ದಾಟಬೇಕು. ಅತಿ ಪ್ರಾಚೀನವಾದ ಬೀಚ್ ಮರಗಳ ಕಾಡು ಆ ಹೊಳೆಯ ದಂಡೆಯಲ್ಲಿದೆ. ನೆರಳಲ್ಲಿ ಹರಿದು ಬರುವ ಅದರ ತಣ್ಣೀರು ಗರೋನ್ ನದಿಯ ಬೆಚ್ಚನೆಯ ನೀರನ್ನು ಸೇರುವಲ್ಲಿ ಶರತ್ಕಾಲದ ಬೆಳಗಿನಲ್ಲಿ ಮಂಜು ಏಳುತ್ತದೆ. ಸೊಟೆರ್ನ್ ದ್ರಾಕ್ಷಿಗೆ ಬೇಕಾದ ಬೂಷ್ಟು ಹಿಡಿಯುವುದು ಆ ಮಂಜಿನಿಂದಲೇ. ಇಲ್ಲಿ ಶಿಲೀಂಧ್ರವನ್ನು ಓಡಿಸಲು ಬೋರ್ಡೋ ದ್ರಾವಣ ಹೊಡೆಯುವವರಿಗೆ, ಅಲ್ಲಿ ಶಿಲೀಂಧ್ರಕ್ಕಾಗಿ ಕಾಯುವ ಬೆಳೆಗಾರರ ಆತಂಕ ವಿಚಿತ್ರವಾಗಿ ಕಂಡೀತು. ಆ ಕಣಿವೆಯನ್ನು ಕಡಿದು ಹಳಿ ಹಾಕಿದರೆ ಪ್ಯಾರಿಸ್-ಟುಲೂಸ್ ಪಯಣ ಒಂದು ಗಂಟೆಯಷ್ಟು ತಗ್ಗಿ ಮೂರು ಗಂಟೆ ಹತ್ತು ನಿಮಿಷಕ್ಕೆ ಇಳಿಯುತ್ತದೆಂಬುದು ಯೋಜನೆಯ ಅಂದಾಜು. ನಾಗರಿಕರು ಕೇಳಿದ್ದ ನಾಲ್ಕು ಗಂಟೆಯ ಮಿತಿಗೆ ಅದು ಒಳಪಡುತ್ತಿತ್ತು. ಕಾಯಿದೆಯ ಎರಡೂವರೆ ಗಂಟೆಗೆ ಒಳಪಡುವುದಿಲ್ಲ.